ಮನೆಯೊಳಗೆ ಮೇಡನ್‌ಹೇರ್ ಜರೀಗಿಡ: ಒಣಗದಂತೆ ಉಳಿಸಿಕೊಳ್ಳುವ ಬಗೆ

“ನರ್ಸರಿಯಲ್ಲಿ ಅಷ್ಟು ಚೆನ್ನಾಗಿತ್ತು. ಮನೆಗೆ ತಂದು ಹದಿನೈದು ದಿನ ಆಗಿಲ್ಲ, ಎಲೆಯೆಲ್ಲ ಗರಗರ ಒಣಗಿಹೋಯ್ತು. ನೀರು ಜಾಸ್ತಿಯಾಯ್ತಾ, ಕಡಿಮೆಯಾಯ್ತಾ?” ಗಿಡ ಸಾಕುವ ಸ್ನೇಹಿತರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಗಿಡ ಯಾವುದು ಅಂತ ನೋಡಿದರೆ ಹತ್ತರಲ್ಲಿ ಎಂಟು ಸಲ ಅದು ಮೇಡನ್‌ಹೇರ್ ಆಗಿರುತ್ತದೆ. ಹಾಗಾಗಿ ಒಂದೇ ಕಡೆ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಗಿಡ ಸಾಯುವುದು ನೀವು ಅಸಡ್ಡೆ ಮಾಡಿದ್ದಕ್ಕಲ್ಲ, ಹೆಚ್ಚಿನ ಸಲ ಇಟ್ಟ ಜಾಗ ಸರಿಯಿಲ್ಲದ್ದಕ್ಕೆ. ಜಾಗ ಸರಿ ಸಿಕ್ಕಿದರೆ ದಿನಕ್ಕೆ ಎರಡು ನಿಮಿಷದ ಕೆಲಸ. ಜಾಗ ತಪ್ಪಿದರೆ ಇಡೀ ದಿನ ಪಕ್ಕದಲ್ಲೇ ಕೂತು ಆರೈಕೆ ಮಾಡಿದರೂ ಉಳಿಯುವುದಿಲ್ಲ. ಅದಕ್ಕೇ ಈ ಬರಹದಲ್ಲಿ ನೀರು, ಗೊಬ್ಬರಕ್ಕಿಂತ ಮೊದಲು ಜಾಗದ ಮಾತು ಬರುತ್ತದೆ.

ಯಾವ ಗಿಡದ ಬಗ್ಗೆ ಹೇಳುತ್ತಿದ್ದೇನೆ?

ಕಪ್ಪಗೆ ಹೊಳೆಯುವ, ತಂತಿಯಷ್ಟು ತೆಳುವಾದ ಕಡ್ಡಿಗಳು. ಅದರ ಮೇಲೆ ಬೆರಳ ಉಗುರಿಗಿಂತ ಚಿಕ್ಕದಾದ, ಬೀಸಣಿಗೆ ಆಕಾರದ ಹಸಿರು ಎಲೆಗಳು. ಎಲೆ ಎಷ್ಟು ತೆಳು ಎಂದರೆ ಬೆಳಕಿಗೆ ಹಿಡಿದರೆ ನರಗಳು ಕಾಣುತ್ತವೆ. ಮೇಲೆ ನೀರು ಬಿದ್ದರೆ ನಿಲ್ಲುವುದಿಲ್ಲ, ಮಣಿಯಾಗಿ ಜಾರಿಹೋಗುತ್ತದೆ. ಇದೇ ಅಡಿಯಾಂಟಮ್, ನರ್ಸರಿಯವರ ಬಾಯಲ್ಲಿ ಮೇಡನ್‌ಹೇರ್ ಫರ್ನ್. ಕುಂಡದಲ್ಲಿ ಮಾರಾಟಕ್ಕೆ ಬರುವುದು ಹೆಚ್ಚಾಗಿ ಅಡಿಯಾಂಟಮ್ ರಾಡಿಯಾನಮ್ ಎಂಬ ಜಾತಿ. ಅದು ದಕ್ಷಿಣ ಅಮೆರಿಕದ ಕಡೆಯದು.

ಆದರೆ ಇದರ ಬಳಗ ನಮ್ಮಲ್ಲೂ ಇದೆ. ಹಳೆಯ ಕಲ್ಲುಬಾವಿಗೆ ಬಗ್ಗಿ ನೋಡಿದವರಿಗೆ ಗೊತ್ತಿರುತ್ತದೆ: ಒಳಗೋಡೆಯ ಕಲ್ಲುಗಳ ಸಂದಿಯಲ್ಲಿ, ಬಿಸಿಲು ನೇರ ಬೀಳದ ಕಡೆ, ಇದೇ ಬಳಗದ ಜರೀಗಿಡ ಜೋತುಬಿದ್ದಿರುತ್ತದೆ. ಮಲೆನಾಡಿನಲ್ಲಿ ಮಳೆ ಶುರುವಾದರೆ ರಸ್ತೆ ಬದಿಯ ಮಣ್ಣಿನ ದರೆಗಳಲ್ಲೂ ಒಂದು ಅಡಿಯಾಂಟಮ್ ತಲೆ ಎತ್ತುತ್ತದೆ. ಅದರ ಕಡ್ಡಿಯ ತುದಿ ನೆಲ ಮುಟ್ಟಿದ ಕಡೆ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಬೇಸಿಗೆಗೆ ಅದು ಮೇಲೆಲ್ಲ ಒಣಗಿ ಮಣ್ಣೊಳಗೆ ಮಲಗುತ್ತದೆ, ಮುಂದಿನ ಮಳೆಗೆ ಏಳುತ್ತದೆ. ಅದನ್ನು ಕಿತ್ತು ತಂದು ಕುಂಡದಲ್ಲಿಡುವ ಆಸೆ ಬೇಡ. ಡ್ರಾಯಿಂಗ್ ರೂಮಿನಲ್ಲಿ ಅದು ವರ್ಷವಿಡೀ ಹಸಿರಾಗಿರುವುದಿಲ್ಲ, ಮೇಲಾಗಿ ಅದರ ಜಾಗ ಅಲ್ಲೇ.

ಬಾವಿಯ ಒಳಗೋಡೆಯನ್ನು ಮಾತ್ರ ನೆನಪಿಟ್ಟುಕೊಳ್ಳಿ. ಮೇಲಿಂದ ಬೆಳಕು ಬರುತ್ತದೆ, ಬಿಸಿಲು ಬರುವುದಿಲ್ಲ. ಗಾಳಿ ನಿಧಾನ, ಯಾವಾಗಲೂ ಹಸಿ. ಕಲ್ಲಿನ ಸಂದಿಯಲ್ಲಿ ನೀರು ಸದಾ ಜಿನುಗುತ್ತದೆ, ಆದರೆ ನಿಲ್ಲುವುದಿಲ್ಲ. ನಾವು ಮನೆಯಲ್ಲಿ ಮಾಡಬೇಕಾದದ್ದು ಇಷ್ಟನ್ನೇ.

ಏನೇನು ಬೇಕು?

ಐದಾರು ಇಂಚಿನ, ಅಡಿಯಲ್ಲಿ ತೂತಿರುವ ಪ್ಲಾಸ್ಟಿಕ್ ಕುಂಡ. ಮಣ್ಣಿನ ಕುಂಡ ನೋಡಲು ಚೆನ್ನ, ಆದರೆ ಅದರ ಮೈಯಿಂದಲೇ ನೀರು ಆರುತ್ತದೆ. ಈ ಗಿಡಕ್ಕೆ ಅದು ಕಷ್ಟ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಜರಡಿ ಹಿಡಿದ ಎಲೆಗೊಬ್ಬರ ಅಥವಾ ಎರೆಗೊಬ್ಬರ. ಸ್ವಲ್ಪ ಪರ್ಲೈಟ್ (ಬಿಸಿಯಲ್ಲಿ ಉಬ್ಬಿಸಿದ ಹಗುರವಾದ ಬಿಳಿ ಕಲ್ಲಿನ ಕಾಳು, ಮಣ್ಣು ಗಟ್ಟಿಯಾಗದಂತೆ ತಡೆಯುತ್ತದೆ). ಸಿಗದಿದ್ದರೆ ಕಡಲೆಕಾಳಿನಷ್ಟು ಚಿಕ್ಕದಾಗಿ ಕುಟ್ಟಿದ ಇದ್ದಿಲು ಸಾಕು. ಒಂದು ಚೂಪಾದ ಕತ್ತರಿ, ಒಂದು ಅಗಲವಾದ ಟಬ್. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ ಹೈಗ್ರೋಮೀಟರ್, ಅಂದರೆ ಗಾಳಿಯ ತೇವ ಅಳೆಯುವ ಪುಟ್ಟ ಯಂತ್ರ, ಇದ್ದರೆ ತುಂಬಾ ಉಪಯೋಗ. ಇಲ್ಲದಿದ್ದರೂ ನಡೆಯುತ್ತದೆ.

1. ಗಿಡಕ್ಕಿಂತ ಮೊದಲು ಜಾಗ ಹುಡುಕಿ

ನಿಮ್ಮ ಮನೆಯಲ್ಲಿ ಮೂರು ವಿಷಯ ನೋಡಬೇಕು: ಬೆಳಕು, ಗಾಳಿಯ ಓಟ, ಗಾಳಿಯ ತೇವ.

ಬೆಳಕಿಗೆ ಸುಲಭದ ಪರೀಕ್ಷೆ ಇದೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಗಿಡ ಇಡಬೇಕೆಂದಿರುವ ಜಾಗದಲ್ಲಿ ಒಂದು ಬಿಳಿ ಹಾಳೆ ಇಡಿ. ಅದರ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳುಗಳ ನೆರಳು ಕಡುವಾಗಿ, ಅಂಚು ಸ್ಪಷ್ಟವಾಗಿ ಬಿದ್ದರೆ ಅಲ್ಲಿ ಬಿಸಿಲು ಜಾಸ್ತಿ. ನೆರಳೇ ಇಲ್ಲದಿದ್ದರೆ ಕತ್ತಲು ಜಾಸ್ತಿ. ಅಂಚು ಮಸುಕಾಗಿ, ಕೈಯ ಆಕಾರ ಮಾತ್ರ ತಿಳಿಯುವಂತಿದ್ದರೆ ಅದೇ ಸರಿಯಾದ ಜಾಗ. ನಮ್ಮ ಕಡೆ ಉತ್ತರದ ಕಿಟಕಿ, ಅಥವಾ ಬೆಳಗಿನ ಎಳೆಬಿಸಿಲು ಸ್ವಲ್ಪ ಹೊತ್ತು ಬಂದು ಹೋಗುವ ಪೂರ್ವದ ಕಿಟಕಿಯ ಪಕ್ಕ ಚೆನ್ನಾಗಿ ಒಪ್ಪುತ್ತದೆ. ಪಶ್ಚಿಮದ ಕಿಟಕಿ ಬೇಡ. ಬೇಸಿಗೆಯ ಮೂರು ಗಂಟೆಯ ಬಿಸಿಲು ಗಾಜಿನ ಮೂಲಕ ಬಿದ್ದರೆ ಅರ್ಧ ದಿನದಲ್ಲಿ ಎಲೆ ಸುಟ್ಟುಹೋಗುತ್ತದೆ.

ಗಾಳಿಯ ಓಟ ಅಂದರೆ ಮುಖ್ಯವಾಗಿ ಫ್ಯಾನ್. ಹೊರದೇಶದವರು ಬರೆದ ಗಿಡದ ಪುಸ್ತಕಗಳಲ್ಲಿ ಇದು ಸಿಗುವುದು ಕಷ್ಟ, ಆದರೆ ನಮ್ಮ ಮನೆಗಳಲ್ಲಿ ಮೇಡನ್‌ಹೇರ್ ಒಣಗುವುದಕ್ಕೆ ದೊಡ್ಡ ಕಾರಣ ಇದೇ. ತಲೆ ಮೇಲೆ ಫ್ಯಾನ್ ತಿರುಗುತ್ತಿದ್ದರೆ ಈ ತೆಳು ಎಲೆಯಿಂದ ನೀರು ಹೊರಹೋಗುವ ವೇಗ ಬೇರು ಎಳೆಯುವ ವೇಗಕ್ಕಿಂತ ಜಾಸ್ತಿಯಾಗುತ್ತದೆ. ಮಣ್ಣು ಒದ್ದೆ ಇದ್ದರೂ ಎಲೆ ಒಣಗುತ್ತದೆ. ಫ್ಯಾನ್ ಹಾಕಿ ಗಿಡವನ್ನು ಒಂದು ನಿಮಿಷ ನೋಡಿ. ಎಲೆಗಳು ನಿಲ್ಲದೆ ಅಲುಗುತ್ತಿದ್ದರೆ ಆ ಜಾಗ ಬಿಟ್ಟುಬಿಡಿ. ಎಸಿಯ ಗಾಳಿ ನೇರ ತಗಲುವ ಕಡೆಯೂ ಅಷ್ಟೆ.

ಹಾಗಾದರೆ ಒಳ್ಳೆಯ ಜಾಗ ಯಾವುದು? ಕಿಟಕಿ ಇರುವ ಬಾತ್‌ರೂಮ್. ದಿನಾ ಸ್ನಾನದ ಹಬೆ ಸಿಗುತ್ತದೆ, ಫ್ಯಾನ್ ಇರುವುದಿಲ್ಲ, ಗಾಜು ಮಸುಕಾಗಿರುವುದರಿಂದ ಬೆಳಕೂ ಹದವಾಗಿರುತ್ತದೆ. ಗೀಸರಿನ ಕೆಳಗೆ, ಸೋಪಿನ ನೀರು ಚಿಮ್ಮುವ ಕಡೆ ಇಡಬೇಡಿ, ಅಷ್ಟೆ. ಬಾತ್‌ರೂಮಿನಲ್ಲಿ ಗಿಡ ಇಟ್ಟರೆ ಯಾರಿಗೆ ಕಾಣುತ್ತದೆ ಎನ್ನುವವರಿದ್ದಾರೆ. ಹಾಲ್‌ನಲ್ಲಿ ಒಣಗಿದ ಗಿಡಕ್ಕಿಂತ ಬಾತ್‌ರೂಮಿನಲ್ಲಿ ತುಂಬಿಕೊಂಡ ಗಿಡ ಚೆಂದ ಅಲ್ವಾ? ಎರಡನೆಯ ಆಯ್ಕೆ, ಬಟ್ಟೆ ಒಗೆಯುವ ಯುಟಿಲಿಟಿಯ ನೆರಳಿನ ಮೂಲೆ. ಅಡುಗೆಮನೆಯಲ್ಲಾದರೆ ಒಲೆಯಿಂದ ದೂರ, ಸಿಂಕಿನ ಹತ್ತಿರದ ಕಿಟಕಿ.

2. ಯಾವ ತಿಂಗಳು ತರಬೇಕು, ಹೇಗೆ ಆರಿಸಬೇಕು

ಜೂನ್‌ನಿಂದ ಸೆಪ್ಟೆಂಬರ್ ನಡುವೆ ತನ್ನಿ. ಆಗ ಗಾಳಿಯೇ ಹಸಿಯಾಗಿರುತ್ತದೆ, ಹೊಸ ಮನೆಗೆ ಒಗ್ಗಿಕೊಳ್ಳಲು ಗಿಡಕ್ಕೆ ಸಮಯ ಸಿಗುತ್ತದೆ. ಬೆಂಗಳೂರಿನಂಥ ತಂಪು ಊರಲ್ಲೂ ಮಾರ್ಚ್ ತಿಂಗಳ ಮಧ್ಯಾಹ್ನ ಗಾಳಿಯ ತೇವ ಶೇಕಡ 30ರ ಆಸುಪಾಸಿಗೆ ಇಳಿಯುತ್ತದೆ. ಈ ಗಿಡಕ್ಕೆ ಕನಿಷ್ಠ 50 ಬೇಕು, 60 ದಾಟಿದರೆ ಖುಷಿಯಾಗಿರುತ್ತದೆ. ಜನವರಿಯ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಆಸೆಪಟ್ಟು ಕೊಂಡು ತರುತ್ತಾರೆ. ಎರಡೇ ತಿಂಗಳಿಗೆ ಒಣಹವೆ ಶುರುವಾಗುತ್ತದೆ, ಗಿಡ ಇನ್ನೂ ಒಗ್ಗಿರುವುದಿಲ್ಲ. ಆಗಸ್ಟ್‌ನ ಪ್ರದರ್ಶನದ ಹೊತ್ತಿಗೆ ಕೊಂಡರೆ ಬೇಸಿಗೆಗೆ ಏಳು ತಿಂಗಳು ಕೈಯಲ್ಲಿರುತ್ತದೆ.

ನರ್ಸರಿಯಲ್ಲಿ ತುಂಬಾ ದೊಡ್ಡದಾಗಿ ಹರಡಿದ ಗಿಡಕ್ಕೆ ಮರುಳಾಗಬೇಡಿ. ಅದು ಹಸಿರು ಶೇಡ್ ನೆಟ್‌ನ ಕೆಳಗೆ, ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಿಕೊಂಡು ಬೆಳೆದದ್ದು. ಚಿಕ್ಕ ಗಿಡ ಹೊಸ ಜಾಗಕ್ಕೆ ಬೇಗ ಒಗ್ಗುತ್ತದೆ. ಎಲೆಗಳನ್ನು ಸರಿಸಿ ಬುಡ ನೋಡಿ. ಸುರುಳಿ ಸುತ್ತಿಕೊಂಡ ಎಳೆ ಚಿಗುರುಗಳು ನಾಲ್ಕಾರು ಕಂಡರೆ ಗಿಡ ಜೀವದಿಂದಿದೆ ಎಂದರ್ಥ. ಕುಂಡದ ಮಣ್ಣು ಕಲ್ಲಿನಷ್ಟು ಗಟ್ಟಿ ಇದ್ದರೆ, ಬುಡ ಕಪ್ಪಗೆ ಮೆತ್ತಗಾಗಿದ್ದರೆ ಬೇಡ.

ಎಲೆಯ ಹಿಂದೆ ಅಂಚಿನುದ್ದಕ್ಕೂ ಗೋಡಂಬಿ ಆಕಾರದ ಕಂದು ಚುಕ್ಕೆಗಳು ಸಾಲಾಗಿದ್ದರೆ ಹೆದರಬೇಡಿ. ಅದು ಹುಳವೂ ಅಲ್ಲ, ರೋಗವೂ ಅಲ್ಲ. ಜರೀಗಿಡಕ್ಕೆ ಹೂವು, ಬೀಜ ಇಲ್ಲ. ಪುಡಿಯಂಥ ಬೀಜಕಣಗಳಿಂದ ಅದು ಸಂತಾನ ಬೆಳೆಸುತ್ತದೆ. ಎಲೆಯ ಅಂಚು ಒಳಕ್ಕೆ ಮಡಚಿಕೊಂಡು ಆ ಕಣಗಳನ್ನು ಮುಚ್ಚಿಟ್ಟುಕೊಂಡಿರುವುದೇ ಈ ಚುಕ್ಕೆ. ಇದನ್ನು ಕೀಟ ಅಂದುಕೊಂಡು ಉಜ್ಜಿ ತೆಗೆಯುವವರು, ಔಷಧಿ ಹೊಡೆದು ಒಳ್ಳೆಯ ಗಿಡವನ್ನು ಸಾಯಿಸುವವರು ಬಹಳ ಜನ. ಗುರುತು ಸುಲಭ: ಚುಕ್ಕೆಗಳು ಅಂಚಿನಲ್ಲಿ ಮಾತ್ರ, ಅಚ್ಚುಕಟ್ಟಾಗಿ ಇದ್ದರೆ ಬೀಜಕಣ. ಕಡ್ಡಿಯ ಮೇಲೆ, ಎಲ್ಲೆಂದರಲ್ಲಿ ಇದ್ದರೆ ಮಾತ್ರ ಕೀಟ.

3. ಮೊದಲ ಎರಡು ವಾರ ಸುಮ್ನೆ ಬಿಡಿ

ತಂದ ದಿನವೇ ಕುಂಡ ಬದಲಿಸುವುದು ಎಲ್ಲರೂ ಮಾಡುವ ತಪ್ಪು. ಗಿಡ ಆಗಲೇ ಬೆಳಕು ಬದಲಾಗಿ, ಗಾಳಿ ಬದಲಾಗಿ ಸೊರಗಿರುತ್ತದೆ. ಮೇಲಿಂದ ಬೇರನ್ನೂ ಅಲುಗಿಸಿದರೆ ತಡೆದುಕೊಳ್ಳುವುದಿಲ್ಲ. ಆರಿಸಿಟ್ಟ ಜಾಗದಲ್ಲಿ ಇಟ್ಟು, ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಕವರನ್ನು ಸಡಿಲವಾಗಿ ಮೇಲಿಂದ ಹೊದಿಸಿ. ಎಲೆಗೆ ಕವರ್ ಅಂಟದಂತೆ ಎರಡು ಕಡ್ಡಿ ಚುಚ್ಚಿ. ಮೊದಲ ವಾರ ದಿನಕ್ಕೆ ಒಂದು ಗಂಟೆ ಕವರ್ ತೆಗೆಯಿರಿ, ಎರಡನೆಯ ವಾರ ಅರ್ಧ ದಿನ, ಆಮೇಲೆ ಪೂರ್ತಿ. ಕೆಲವು ಹಳೆಯ ಎಲೆಗಳು ಹಳದಿಯಾಗಿ ಹೋಗಬಹುದು. ಅದಕ್ಕೆ ಗಾಬರಿ ಬೇಡ. ಹೊಸ ಚಿಗುರು ಬರುತ್ತಿದೆಯಾ ಅನ್ನುವುದಷ್ಟೇ ನೋಡಿ.

ಈ ಎರಡು ವಾರ ಜಾಗವನ್ನೂ ಬದಲಿಸಬೇಡಿ. ಇವತ್ತು ಹಾಲ್, ನಾಳೆ ಬಾಲ್ಕನಿ, ನಾಡಿದ್ದು ಬೆಡ್‌ರೂಮ್ ಅಂತ ಓಡಾಡಿಸಿದರೆ ಗಿಡ ಯಾವುದಕ್ಕೂ ಒಗ್ಗುವುದಿಲ್ಲ.

4. ಕುಂಡ ಬದಲಿಸುವುದು

ನರ್ಸರಿಯ ಕುಂಡದಲ್ಲಿ ಹೆಚ್ಚಾಗಿ ಕೆಮ್ಮಣ್ಣು ಇರುತ್ತದೆ. ಸಾಗಿಸುವಾಗ ಬೇರು ಅಲುಗದಂತೆ ಹಿಡಿದಿಡಲು ಅದು ಸರಿ. ಆದರೆ ಮನೆಯೊಳಗೆ ಅದು ಗಟ್ಟಿಯಾಗಿ, ನೀರು ಒಂದೋ ನಿಲ್ಲುತ್ತದೆ ಇಲ್ಲವೇ ಪಕ್ಕದಿಂದ ಹರಿದುಹೋಗುತ್ತದೆ. ಹಾಗಾಗಿ ಎರಡು ಮೂರು ವಾರ ಕಳೆದ ಮೇಲೆ ಬದಲಿಸಬೇಕು.

ಎರಡು ಪಾಲು ಕೋಕೋಪೀಟ್, ಒಂದು ಪಾಲು ಎಲೆಗೊಬ್ಬರ, ಒಂದು ಪಾಲು ಪರ್ಲೈಟ್ ಅಥವಾ ಇದ್ದಿಲ ಚೂರು. ಕೋಕೋಪೀಟನ್ನು ಬಳಸುವ ಮೊದಲು ತೊಳೆಯಲೇಬೇಕು. ಅದರಲ್ಲಿ ಉಪ್ಪಿನಂಶ ಇರುತ್ತದೆ, ಮೇಡನ್‌ಹೇರ್ ಉಪ್ಪನ್ನು ಸಹಿಸುವುದಿಲ್ಲ. ಇಟ್ಟಿಗೆಯಂತೆ ಒತ್ತಿದ ಕೋಕೋಪೀಟನ್ನು ಬಕೆಟ್ಟಿನಲ್ಲಿ ನೆನೆಸಿ, ಅರಳಿದ ಮೇಲೆ ಹಳೆಯ ಪಂಚೆ ಬಟ್ಟೆಗೆ ಹಾಕಿ ಹಿಂಡಿ. ಮೊದಲ ಸಲ ನೀರು ಟೀ ಬಣ್ಣಕ್ಕೆ ಬರುತ್ತದೆ. ಬಣ್ಣ ತಿಳಿಯಾಗುವವರೆಗೆ ಎರಡು ಮೂರು ಸಲ ಹೀಗೇ ಮಾಡಿ.

ಗಿಡವನ್ನು ಹಿಂದಿನ ರಾತ್ರಿಯೇ ಚೆನ್ನಾಗಿ ನೆನೆಸಿಡಿ. ಮರುದಿನ ಕುಂಡ ಬಗ್ಗಿಸಿ, ಬುಡ ಹಿಡಿದು ಮೆಲ್ಲಗೆ ಜಾರಿಸಿ. ಹೊರಗಿನ ಗಟ್ಟಿ ಮಣ್ಣನ್ನು ಬೆರಳಿಂದ ಬಿಡಿಸಿದರೆ ಸಾಕು, ಎಲ್ಲ ಮಣ್ಣನ್ನೂ ತೆಗೆಯಲು ಹೋಗಬೇಡಿ. ಕೂದಲಿನಷ್ಟು ತೆಳು ಬೇರುಗಳು ಕಿತ್ತುಬರುತ್ತವೆ. ಹೊಸ ಕುಂಡ ಹಳೆಯದಕ್ಕಿಂತ ಒಂದು ಇಂಚು ದೊಡ್ಡದಿರಲಿ, ಜಾಸ್ತಿ ಬೇಡ. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಣ್ಣು ಒದ್ದೆಯಾಗಿಯೇ ಕೂತು ಹುಳಿಯುತ್ತದೆ. ಈ ಗಿಡಕ್ಕೆ ಬೇರು ಸ್ವಲ್ಪ ಇಕ್ಕಟ್ಟಾಗಿದ್ದರೂ ಬೇಜಾರಿಲ್ಲ.

ನೆಡುವ ಆಳ ನೋಡಿಕೊಳ್ಳಿ. ಕಡ್ಡಿಗಳು ಹುಟ್ಟುವ ಕಡೆ, ಮಣ್ಣಿನ ಮೇಲ್ಮೈಗೆ ಅಂಟಿಕೊಂಡು, ಕಂದು ರೋಮದಂಥ ಹೊದಿಕೆ ಇರುವ ಗಂಟು ಕಾಣುತ್ತದೆ. ಇದೇ ಬೇರುಕಾಂಡ, ಅಂದರೆ ಅಡ್ಡಡ್ಡವಾಗಿ ತೆವಳುವ ಕಾಂಡ. ಗಿಡದ ಜೀವ ಇರುವುದು ಇಲ್ಲೇ. ಇದನ್ನು ಆಳಕ್ಕೆ ಹೂತರೆ ಕೊಳೆಯುತ್ತದೆ. ಮೊದಲು ಎಷ್ಟು ಹೊರಗಿತ್ತೋ ಅಷ್ಟೇ ಹೊರಗಿರಲಿ.

5. ನೀರು

ಇಲ್ಲಿ ನಿಧಾನವಾಗಿ ಓದಿ. ಒಳಾಂಗಣ ಗಿಡಗಳ ಬಗ್ಗೆ ಎಲ್ಲರೂ ಹೇಳುವ “ಮೇಲ್ಮಣ್ಣು ಒಣಗಿದ ಮೇಲೆ ನೀರು ಹಾಕಿ” ಅನ್ನುವ ಮಾತು ಮನಿಪ್ಲಾಂಟಿಗೆ ಸರಿ, ಮೇಡನ್‌ಹೇರ್‌ಗೆ ಸರಿಯಲ್ಲ. ಇದರ ಮಣ್ಣು ಒಂದು ಸಲವೂ ಪೂರ್ತಿ ಒಣಗಬಾರದು. ಒಣಗಿದರೆ ಒಂದೇ ದಿನದಲ್ಲಿ ಎಲೆ ಸುರುಟಿಕೊಳ್ಳುತ್ತದೆ. ಹಾಗೆ ಗರಗರ ಆದ ಎಲೆ ಆಮೇಲೆ ಎಷ್ಟು ನೀರು ಹಾಕಿದರೂ ಹಸಿರಾಗುವುದಿಲ್ಲ.

ವಾರಕ್ಕೆ ಇಷ್ಟು ಸಲ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ. ಕುಂಡ ಎತ್ತಿ ನೋಡಿ. ಚೆನ್ನಾಗಿ ನೀರುಂಡ ಕುಂಡದ ಭಾರ ಕೈಗೆ ಒಂದು ಸಲ ಗೊತ್ತಾದರೆ ಸಾಕು. ಮರುದಿನ ಎತ್ತಿದಾಗ ಸ್ವಲ್ಪ ಹಗುರ ಅನಿಸುತ್ತದೆ. ಗಮನಕ್ಕೆ ಬರುವಷ್ಟು ಹಗುರಾದರೆ ಆವತ್ತೇ ನೀರು ಹಾಕಬೇಕು. ಅಂದಾಜಿಗೆ ಹೇಳುವುದಾದರೆ, ಐದು ಇಂಚಿನ ಕುಂಡಕ್ಕೆ ಬೆಂಗಳೂರು, ಮೈಸೂರಿನ ಬೇಸಿಗೆಯಲ್ಲಿ ಹೆಚ್ಚುಕಡಿಮೆ ದಿನಾ ಬೇಕಾಗುತ್ತದೆ. ಮಳೆಗಾಲದಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಸಾಕಾಗಬಹುದು.

ಬೆಳಗ್ಗೆ ಹಾಕಿ. ಬುಡದ ಸುತ್ತ ನಿಧಾನವಾಗಿ, ಕೆಳಗಿನ ತೂತಿನಿಂದ ಹರಿದು ಬರುವವರೆಗೆ. ಕಾಲು ಗಂಟೆ ಬಿಟ್ಟು ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ. ದಿನಾ ಎರಡು ಚಮಚ ಚಿಮುಕಿಸುವುದು ನೀರು ಹಾಕಿದಂತಲ್ಲ. ಮೇಲೆ ಒದ್ದೆ ಕಾಣುತ್ತದೆ, ಕೆಳಗಿನ ಬೇರು ಒಣಗಿರುತ್ತದೆ.

ಇನ್ನೊಂದು ಮೋಸ ಇದೆ. ಕೋಕೋಪೀಟ್ ಒಮ್ಮೆ ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ಆಗ ಮೇಲಿಂದ ಹಾಕಿದ ನೀರೆಲ್ಲ ಆ ಸಂದಿಯಲ್ಲಿ ಸರ್ರನೆ ಇಳಿದು ತಟ್ಟೆಗೆ ಬರುತ್ತದೆ. ನೀವು ನೀರು ಜಾಸ್ತಿಯಾಯಿತು ಅಂದುಕೊಳ್ಳುತ್ತೀರಿ, ಬೇರಿಗೆ ಒಂದು ಹನಿಯೂ ಸಿಕ್ಕಿರುವುದಿಲ್ಲ. ಹೀಗಾದರೆ ಟಬ್ಬಿನಲ್ಲಿ ಕುಂಡದ ಅರ್ಧದಷ್ಟು ನೀರು ತುಂಬಿ ಅದರಲ್ಲಿ ಕುಂಡ ಇಳಿಸಿಡಿ. ಅರ್ಧ ಗಂಟೆಯಲ್ಲಿ ಕೆಳಗಿನಿಂದ ನೀರು ಏರಿ ಮೇಲ್ಮಣ್ಣು ಕಪ್ಪಗಾಗುತ್ತದೆ. ಆಗ ತೆಗೆದು ಬಸಿಯಲು ಬಿಡಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಹೇಗೂ ಹೀಗೆ ಮಾಡುವುದು ಒಳ್ಳೆಯದು.

ಯಾವ ನೀರು? ಮಳೆನೀರು ಎಲ್ಲಕ್ಕಿಂತ ಮೇಲು. ಕಾವೇರಿ ನೀರು ನಡೆಯುತ್ತದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ, ಅಂದರೆ ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುವಂತಿದ್ದರೆ, ಕೆಲವೇ ವಾರಗಳಲ್ಲಿ ಎಲೆಯ ತುದಿ ಕಂದಾಗಲು ಶುರುವಾಗುತ್ತದೆ. ರಾತ್ರಿಯಿಡೀ ಬಕೆಟ್ಟಿನಲ್ಲಿ ಬಿಟ್ಟರೆ ನೀರು ಸರಿಯಾಗುತ್ತದೆ ಅನ್ನುತ್ತಾರೆ. ಕ್ಲೋರಿನ್ ಹಾರಿಹೋಗಬಹುದು, ಲವಣ ಎಲ್ಲಿಗೂ ಹೋಗುವುದಿಲ್ಲ. ಇಂಥ ಕಡೆ ಆರ್‌ಓ ಯಂತ್ರದ ಕುಡಿಯುವ ನೀರನ್ನೇ ಈ ಒಂದು ಗಿಡಕ್ಕೆ ಕೊಡಿ, ದಿನಕ್ಕೆ ಒಂದು ಲೋಟ. ಆರ್‌ಓ ಹೊರಹಾಕುವ ನೀರನ್ನು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಸೋಸಿ ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರೂ ಬೇಡ. ಅದು ಗಡಸುತನ ತೆಗೆದು ಆ ಜಾಗಕ್ಕೆ ಸೋಡಿಯಂ ಸೇರಿಸಿರುತ್ತದೆ.

ತಿಂಗಳಿಗೊಮ್ಮೆ ಒಳ್ಳೆಯ ನೀರನ್ನು ಕುಂಡದ ಮೂಲಕ ಧಾರಾಳವಾಗಿ ಹರಿಯಬಿಡಿ. ಕೂತಿರುವ ಲವಣ ತೊಳೆದುಹೋಗುತ್ತದೆ.

6. ಗಾಳಿಯ ತೇವ

ಸ್ಪ್ರೇ ಬಾಟಲಿಯಲ್ಲಿ ದಿನಕ್ಕೆರಡು ಸಲ ನೀರು ಹೊಡೆದರೆ ಆಯಿತು ಅಂತ ಬಹಳ ಜನ ನಂಬಿದ್ದಾರೆ. ಹೊಡೆದ ಹತ್ತು ಹದಿನೈದು ನಿಮಿಷದಲ್ಲಿ ಆ ತೇವ ಆರಿಹೋಗುತ್ತದೆ. ಉಳಿದ ದಿನವೆಲ್ಲ ಗಿಡ ಒಣಗಾಳಿಯಲ್ಲೇ ಇರುತ್ತದೆ. ಹೊಡೆಯುವುದರಿಂದ ಕೆಡುಕಿಲ್ಲ, ಆದರೆ ಅದನ್ನೇ ನಂಬಿ ಕೂರಬೇಡಿ.

ಇದಕ್ಕಿಂತ ವಾಸಿಯಾದದ್ದು ಗಿಡಗಳನ್ನು ಗುಂಪಾಗಿ ಇಡುವುದು. ಎಲ್ಲ ಗಿಡಗಳೂ ಎಲೆಯಿಂದ ನೀರಾವಿ ಬಿಡುತ್ತವೆ, ಗುಂಪಿನ ನಡುವೆ ಗಾಳಿ ಸ್ವಲ್ಪ ಹಸಿಯಾಗಿರುತ್ತದೆ. ಅಗಲ ತಟ್ಟೆಗೆ ಬೆಣಚುಕಲ್ಲು ಹರಡಿ, ಕಲ್ಲು ಮುಳುಗದಷ್ಟು ನೀರು ಹಾಕಿ, ಅದರ ಮೇಲೆ ಕುಂಡ ಇಡುವುದೂ ಇದೆ. ಕುಂಡದ ಅಡಿ ನೀರಿಗೆ ತಾಗಬಾರದು. ಇದರಿಂದ ಸಿಗುವ ಲಾಭ ಸ್ವಲ್ಪವೇ. ರಾಯಚೂರು, ಕಲಬುರಗಿಯ ಬೇಸಿಗೆಗೆ ಇದ್ಯಾವುದೂ ಸಾಲದು. ಅಂಥ ಊರಲ್ಲಿ ಮೇಡನ್‌ಹೇರ್ ಬೇಕೇ ಬೇಕು ಅಂದರೆ ಗಾಜಿನೊಳಗೆ ಬೆಳೆಸುವುದೇ ದಾರಿ. ಮಂಗಳೂರು, ಕಾರವಾರದವರಿಗೆ ಈ ಇಡೀ ಭಾಗವನ್ನು ಬಿಟ್ಟು ಓದಬಹುದು, ಅಲ್ಲಿನ ಗಾಳಿಯೇ ಸಾಕು.

ಗಾಜಿನ ಉಪಾಯ ಹಳೆಯದು. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನಥಾನಿಯೆಲ್ ವಾರ್ಡ್ ಅವರ ಅಂಗಳದ ಜರೀಗಿಡಗಳೆಲ್ಲ ಕಲ್ಲಿದ್ದಲ ಹೊಗೆಗೆ ಸಾಯುತ್ತಿದ್ದವು. ಪತಂಗದ ಕೋಶವೊಂದನ್ನು ಹಸಿ ಮಣ್ಣಿನ ಜತೆ ಮುಚ್ಚಿದ ಬಾಟಲಿಯಲ್ಲಿ ಇಟ್ಟಿದ್ದಾಗ, ಅದರೊಳಗೆ ಒಂದು ಜರೀಗಿಡ ತಾನಾಗೇ ಮೊಳೆತದ್ದನ್ನು ಅವರು ಕಂಡರು. ಒಳಗಿನ ನೀರು ಆವಿಯಾಗಿ, ಗಾಜಿಗೆ ತಾಗಿ, ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಅದರಿಂದ ಹುಟ್ಟಿದ್ದೇ ವಾರ್ಡಿಯನ್ ಪೆಟ್ಟಿಗೆ. 1833ರಲ್ಲಿ ಜರೀಗಿಡ ತುಂಬಿದ ಇಂಥ ಪೆಟ್ಟಿಗೆಗಳು ಹಡಗಿನಲ್ಲಿ ಸಿಡ್ನಿಯವರೆಗೂ ಹೋದವು. ಮುಂದೆ ಚೀನಾದ ಚಹಾ ಸಸಿಗಳು ಭಾರತಕ್ಕೆ ಬಂದದ್ದೂ ಇಂಥ ಪೆಟ್ಟಿಗೆಗಳಲ್ಲೇ.

ನಿಮಗೆ ಬೇಕಾದದ್ದು ಕೈ ಒಳಗೆ ಹೋಗುವಷ್ಟು ಬಾಯಿ ಇರುವ ಗಾಜಿನ ಜಾಡಿ ಅಥವಾ ಖಾಲಿ ಮೀನಿನ ತೊಟ್ಟಿ. ತಳಕ್ಕೆ ಒಂದು ಇಂಚು ಇದ್ದಿಲ ಚೂರು, ಅದರ ಮೇಲೆ ಮೂರು ಇಂಚು ಮಣ್ಣಿನ ಮಿಶ್ರಣ, ಅದರಲ್ಲಿ ಚಿಕ್ಕ ಗಿಡ. ನೀರನ್ನು ಚಮಚದಲ್ಲಿ ಅಳೆದು ಹಾಕಿ, ತಳದಲ್ಲಿ ತೂತಿಲ್ಲ ಎಂಬುದು ನೆನಪಿರಲಿ. ಬಾಯಿಯನ್ನು ಮುಕ್ಕಾಲು ಭಾಗ ಮುಚ್ಚಿ. ಬೆಳಗ್ಗೆ ಗಾಜಿನ ಮೇಲೆ ಸ್ವಲ್ಪ ಮಂಜು ಕಂಡು ಮಧ್ಯಾಹ್ನಕ್ಕೆ ಹೋದರೆ ತೇವ ಸರಿಯಿದೆ. ದಿನವಿಡೀ ಹನಿ ಇಳಿಯುತ್ತಿದ್ದರೆ ಎರಡು ದಿನ ಮುಚ್ಚಳ ತೆಗೆದಿಡಿ. ಬಿಸಿಲು ಮಾತ್ರ ಒಂದು ಕ್ಷಣವೂ ನೇರ ಬೀಳಬಾರದು, ಗಾಜಿನೊಳಗೆ ಗಿಡ ಬೆಂದುಹೋಗುತ್ತದೆ.

ಚಳಿಯ ದೇಶಗಳಲ್ಲಿರುವ ಕನ್ನಡಿಗರಿಗೆ ಒಂದು ಮಾತು. ನಿಮಗೆ ಕಷ್ಟದ ಕಾಲ ಬೇಸಿಗೆಯಲ್ಲ, ಮನೆಯ ಹೀಟರ್ ಉರಿಯುವ ತಿಂಗಳುಗಳು. ಹೀಟರಿನಿಂದ ಗಾಳಿ ತೀರಾ ಒಣಗುತ್ತದೆ. ಆಗ ಗಿಡವನ್ನು ರೇಡಿಯೇಟರಿನಿಂದ ದೂರ, ಬಾತ್‌ರೂಮಿಗೆ ಅಥವಾ ಗಾಜಿನೊಳಗೆ ಸೇರಿಸಿ. ಲಂಡನ್ ಕಡೆಯ ನಲ್ಲಿ ನೀರೂ ಗಡಸು, ಮೇಲೆ ಹೇಳಿದ್ದು ಅಲ್ಲಿಗೂ ಅನ್ವಯಿಸುತ್ತದೆ.

7. ಗೊಬ್ಬರ

ಕಡಿಮೆ ಕೊಟ್ಟಷ್ಟೂ ಒಳ್ಳೆಯದು. ನೀರಿನಲ್ಲಿ ಕರಗುವ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮಪಾಲು ಇರುವುದು) ಒಂದು ಲೀಟರಿಗೆ ಅರ್ಧ ಗ್ರಾಮ್, ಅಂದರೆ ಒಂದು ಚಿಟಿಕೆ. ಹೊಸ ಚಿಗುರು ಬರುತ್ತಿರುವ ತಿಂಗಳುಗಳಲ್ಲಿ ಮಾತ್ರ, ತಿಂಗಳಿಗೊಮ್ಮೆ, ಅದೂ ಮಣ್ಣು ಒದ್ದೆಯಿರುವಾಗ. ಕುಂಡ ಬದಲಿಸಿದ ಎರಡು ತಿಂಗಳು ಏನೂ ಬೇಡ. ಸೊರಗಿದ ಗಿಡಕ್ಕೆ ಗೊಬ್ಬರ ಹಾಕಿದರೆ ಚೇತರಿಸಿಕೊಳ್ಳುತ್ತದೆ ಅನ್ನುವುದು ತಪ್ಪು, ಬೇರು ಸುಟ್ಟು ಬೇಗ ಹೋಗುತ್ತದೆ. ಯೂರಿಯಾ, ಹಸಿ ಸಗಣಿ ಬೇಡವೇ ಬೇಡ. ಸೋಸಿದ ಟೀ ಪುಡಿಯನ್ನು ಹಾಲು, ಸಕ್ಕರೆ ಸಮೇತ ಬುಡಕ್ಕೆ ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಅದರಿಂದ ಬೂಸ್ಟು ಹಿಡಿಯುತ್ತದೆ, ಸಣ್ಣ ನೊಣ ತುಂಬುತ್ತದೆ.

8. ಎಲೆ ನೋಡಿ ತೊಂದರೆ ತಿಳಿಯುವುದು

ಕಡ್ಡಿ ಪೂರ್ತಿ, ಒಂದೆರಡು ದಿನದಲ್ಲಿ ಗರಗರ ಒಣಗಿದ್ದರೆ ನೀರು ಅಥವಾ ಗಾಳಿಯ ತೇವ ಸಾಲದು. ತುದಿ ಮಾತ್ರ ನಿಧಾನವಾಗಿ ಕಂದಾಗುತ್ತಿದ್ದರೆ ನೀರಿನ ಲವಣ ಅಥವಾ ಗೊಬ್ಬರ ಜಾಸ್ತಿ. ಎಲೆ ಬಿಳಿಚಿಕೊಂಡು ಅಲ್ಲಲ್ಲಿ ಸುಟ್ಟ ಕಲೆ ಬಂದರೆ ಬಿಸಿಲು. ಎಲೆ ಹಳದಿಯಾಗಿ ಮೆತ್ತಗೆ ಜೋತು, ಬುಡ ಮುಟ್ಟಿದರೆ ಕೊಳೆತ ವಾಸನೆ ಬಂದರೆ ಮಾತ್ರ ನೀರು ಜಾಸ್ತಿ. ಎಲೆ ಒಣಗಿದ್ದನ್ನು ಕಂಡು “ನೀರು ಜಾಸ್ತಿಯಾಯ್ತೇನೋ” ಎಂದು ನಿಲ್ಲಿಸಿಬಿಡುವವರೇ ಹೆಚ್ಚು. ಒಣಗಿದ ಎಲೆ ಗರಗರ, ಕೊಳೆತದ್ದು ಮೆತ್ತಗೆ. ಕೈಯಲ್ಲಿ ಮುಟ್ಟಿ ನೋಡಿ, ಆಮೇಲೆ ತೀರ್ಮಾನಿಸಿ. ಅಡಿಯ ಒಂದೆರಡು ಹಳೆ ಎಲೆ ಆಗಾಗ ಹಳದಿಯಾಗುವುದು ಸಹಜ.

ಕಡ್ಡಿಯ ಮೇಲೆ ಕಂದು ಗುಬುಟುಗಳಿದ್ದರೆ ಶಲ್ಕ ಕೀಟ, ಬಿಳಿ ಹತ್ತಿಯಂತಿದ್ದರೆ ಹಿಟ್ಟು ತಿಗಣೆ. ಎರಡೂ ರಸ ಹೀರುತ್ತವೆ. ಆ ಕಡ್ಡಿಯನ್ನು ಬುಡದಲ್ಲಿ ಕತ್ತರಿಸಿ ಹೊರಗೆ ಎಸೆಯುವುದೇ ಸುಲಭದ ಮದ್ದು. ಔಷಧಿ ಅಂಗಡಿಯ ಕೀಟನಾಶಕ ಮಾತ್ರವಲ್ಲ, ಬೇವಿನೆಣ್ಣೆ, ಸೋಪಿನ ನೀರು ಕೂಡ ಈ ಎಲೆಯನ್ನು ಸುಡಬಲ್ಲದು. ಮಳೆಗಾಲದಲ್ಲಿ ಬಾಲ್ಕನಿಯಲ್ಲಿಟ್ಟಿದ್ದರೆ ರಾತ್ರಿ ಟಾರ್ಚ್ ಹಿಡಿದು ನೋಡಿ. ಎಳೆ ಸುರುಳಿಗಳನ್ನು ಬಸವನಹುಳು ತಿನ್ನುತ್ತಿರಬಹುದು.

ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಮೇಡನ್‌ಹೇರ್‌ನಿಂದ ಅಪಾಯವಿಲ್ಲ. ಆದರೆ ಆಸ್ಪರಾಗಸ್ ಫರ್ನ್ ಎಂದು ಮಾರುವುದು ಜರೀಗಿಡವೇ ಅಲ್ಲ. ಹೆಸರು ಮಾತ್ರ ಹಾಗೆ. ಅದು ಸಾಕುಪ್ರಾಣಿಗಳಿಗೆ ವಿಷ.

9. ಪೂರ್ತಿ ಒಣಗಿದರೂ ಎಸೆಯಬೇಡಿ

ಮೇಲಿನ ಎಲೆಯೆಲ್ಲ ಹೋಗಿದ್ದರೂ ಬೇರುಕಾಂಡ ಬದುಕಿರಬಹುದು. ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರು ಅಥವಾ ಬಿಳಿ ಇದ್ದು ಗಟ್ಟಿಯಾಗಿದ್ದರೆ ಗಿಡ ಇನ್ನೂ ಇದೆ. ಒಣಗಿದ ಕಡ್ಡಿಗಳನ್ನೆಲ್ಲ ಮಣ್ಣಿನಿಂದ ಒಂದು ಇಂಚು ಮೇಲೆ ಕತ್ತರಿಯಲ್ಲಿ ಕತ್ತರಿಸಿ. ಕೈಯಿಂದ ಎಳೆಯಬೇಡಿ, ಮುಂದೆ ಬರುವ ಸುರುಳಿಗಳೂ ಕಿತ್ತುಬರುತ್ತವೆ. ಕುಂಡವನ್ನು ಟಬ್ಬಿನಲ್ಲಿ ನೆನೆಸಿ, ಬಸಿದು, ಪ್ಲಾಸ್ಟಿಕ್ ಕವರ್ ಹೊದಿಸಿ, ನೆರಳಿನ ಬೆಳಕಿನಲ್ಲಿಡಿ. ಈಗ ಎಲೆ ಇಲ್ಲದ ಕಾರಣ ಗಿಡ ಕಡಿಮೆ ನೀರು ಕುಡಿಯುತ್ತದೆ. ಮಣ್ಣು ಹಸಿಯಿದ್ದರೆ ಸಾಕು, ಕೆಸರಾಗಬಾರದು.

ಮೂರರಿಂದ ಆರು ವಾರದಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ಸುರುಳಿಗಳು ಬುಡದಲ್ಲಿ ಕಾಣಬಹುದು. ಅವು ದಾರದಂಥ ಕಡ್ಡಿಯ ಮೇಲೆ ಎದ್ದು, ದಿನದಿಂದ ದಿನಕ್ಕೆ ಬಿಚ್ಚಿಕೊಳ್ಳುತ್ತವೆ. ಮುಟ್ಟಬೇಡಿ, ತುದಿ ಮುರಿದರೆ ಆ ಎಲೆ ಮತ್ತೆ ಬೆಳೆಯುವುದಿಲ್ಲ. ನಾಲ್ಕೈದು ಎಲೆ ಪೂರ್ತಿ ಬಿಚ್ಚಿದ ಮೇಲೆ ಕವರನ್ನು ಮೆಲ್ಲಮೆಲ್ಲಗೆ ತೆಗೆಯಿರಿ. ಗೊಬ್ಬರದ ಯೋಚನೆ ಅದಾದ ಎರಡು ತಿಂಗಳಿಗೆ.

10. ಊರಿಗೆ ಹೋಗುವಾಗ

ದಸರಾ, ದೀಪಾವಳಿ ರಜೆಗೆ ನಾಲ್ಕು ದಿನ ಹೋಗುವುದಾದರೆ, ಕುಂಡವನ್ನು ಟಬ್ಬಿನಲ್ಲಿ ನೆನೆಸಿ, ಪಾರದರ್ಶಕ ಕವರ್ ಹೊದಿಸಿ ಬಾತ್‌ರೂಮಿನಲ್ಲಿಟ್ಟರೆ ಸಾಕು. ಅದಕ್ಕಿಂತ ಜಾಸ್ತಿ ದಿನವಾದರೆ ಬತ್ತಿ ಕಟ್ಟಬೇಕು. ದಪ್ಪ ಹತ್ತಿ ಹಗ್ಗ ಅಥವಾ ಹಳೆಯ ಕಾಟನ್ ಪಂಚೆಯನ್ನು ಸೀಳಿ ಹೊಸೆದ ಬತ್ತಿ ತೆಗೆದುಕೊಳ್ಳಿ. ಒಂದು ತುದಿಯನ್ನು ಕುಂಡದ ಮಣ್ಣೊಳಗೆ ಎರಡು ಇಂಚು ತೂರಿಸಿ, ಇನ್ನೊಂದನ್ನು ಪಕ್ಕದ ಬಕೆಟ್ಟಿನ ತಳ ಮುಟ್ಟುವಂತೆ ಇಳಿಬಿಡಿ. ಬಕೆಟ್ಟಿನ ನೀರಿನ ಮಟ್ಟ ಕುಂಡದ ಮಟ್ಟಕ್ಕೆ ಸರಿಸಮ ಇರಲಿ. ಬಕೆಟ್ ಕುಂಡಕ್ಕಿಂತ ಎತ್ತರದಲ್ಲಿದ್ದರೆ ನೀರೆಲ್ಲ ಒಂದೇ ದಿನಕ್ಕೆ ಹರಿದು ಬರುತ್ತದೆ.

ಬತ್ತಿಯನ್ನು ಮೊದಲೇ ಒದ್ದೆ ಮಾಡಿ ಕಟ್ಟಿ. ಹೊರಡುವ ಮೂರು ದಿನ ಮುಂಚೆಯೇ ಕಟ್ಟಿ, ಪ್ರತಿದಿನ ಕುಂಡ ಎತ್ತಿ ಭಾರ ನೋಡಿ. ಮೂರನೆಯ ದಿನವೂ ಭಾರ ಇಳಿಯದಿದ್ದರೆ ಬತ್ತಿ ಕೆಲಸ ಮಾಡುತ್ತಿದೆ. ಇಳಿದಿದ್ದರೆ ಇನ್ನೊಂದು ಬತ್ತಿ ಸೇರಿಸಿ.